ಅಂಚಿನಲ್ಲಿ ಅರ್ಧ ಕೈ

ಸೇತುವೆ ದಾಟಿ ಮುಹರಕ್ಕಿಗೆ ಬಂದರೆ
ಹಲ್ವದಂಗಡಿಯ ಬೆನ್ನಿಗೆ ನನ್ನ ಅಂಗಡಿ:
ಮರದ ಪಟ್ಟಿ, ಗಾಜು, ಮೊಳೆ, ಅಂಟು.
ಇಪ್ಪತ್ತೆರಡು ವರ್ಷದಿಂದ
ಕಂಡವರ ಡಿಗ್ರಿಗಳಿಗೆ ಕಟ್ಟು ಹಾಕುತ್ತಿದ್ದೇನೆ.
ಹಲ್ಲಿನ ಡಾಕ್ಟರು, ಆಡಿಟರು, ಒಮ್ಮೆ ಒಬ್ಬ ಪೈಲಟ್ಟು.
ನನ್ನದು ಉಪ್ಪಿನಂಗಡಿಯಲ್ಲಿ ಒಂಬತ್ತನೇ ಕ್ಲಾಸು,
ಅದರ ಕಾಗದ ಯಾವ ಟ್ರಂಕಿನಲ್ಲಿದೆಯೋ.

ಮೇಲಿನ ಮಹಡಿಯಲ್ಲಿ ಮಗಳು ಝುಲ್ಫಾ
ಎರಡು ಕಾಲೇಜುಗಳನ್ನು ಮಡಿಲಲ್ಲಿಟ್ಟು ಕೂತಿದ್ದಾಳೆ.
ಒಂದು ಗುಡ್ಡದ ಮೇಲಿನದು, ಒಂದು ಕೆರೆಯ ಬದಿಯದು.
ಹೆಸರು ಹೇಳುತ್ತಾಳೆ, ನನ್ನ ನಾಲಿಗೆಗೆ ಹತ್ತುವುದಿಲ್ಲ,
ಗುಡ್ಡ, ಕೆರೆ ಎಂದೇ ಕರೆಯುತ್ತೇನೆ.
ಗುಡ್ಡದಲ್ಲಿ ಸಾವಿರದ ನೂರು ಮಕ್ಕಳು,
ಕೆರೆಯಲ್ಲಿ ಅಷ್ಟೂ ಇಲ್ಲ.

"ನಿನ್ನ ಸ್ಕೂಲಿನ ಬಸ್ಸುಗಳಲ್ಲೇ ಅದಕ್ಕಿಂತ ಹೆಚ್ಚು ಮಕ್ಕಳು,
ಇಷ್ಟು ಚಿಕ್ಕದಕ್ಕೆ ಅಷ್ಟು ದೂರವಾ?"
ಮಿಸ್ರಿಯಾ ಕೇಳುತ್ತಾಳೆ, ಮೀನಿಗೆ ಮಸಾಲೆ ಸವರುತ್ತ.
"ಅಲ್ಲಿ ಏನು ಕಲಿಸ್ತಾರಂತೆ?"
"ಎಲ್ಲ. ಕಲ್ಲು, ಕವಿತೆ, ಲೆಕ್ಕ.
ಎರಡು ವರ್ಷ ಯಾವುದನ್ನೂ ಆರಿಸಬೇಕಾಗಿಲ್ಲ."
ಆರಿಸದೆ ಇರುವುದಕ್ಕೂ ಫೀಸು ಉಂಟೆಂದು
ನನಗೆ ತಿಳಿದದ್ದು ಆವತ್ತು.

ಗುಡ್ಡದವರು ಹೆಚ್ಚು ಬಿಡುತ್ತಾರೆ, ಕೆರೆಯವರು ಕಡಿಮೆ.
ನಡುವಿನ ವ್ಯತ್ಯಾಸವೆಂದರೆ
ಅಂಗಡಿಯ ಹನ್ನೊಂದು ತಿಂಗಳ ಬಾಡಿಗೆ.
ಇದನ್ನು ನಾನು ಹೇಳಲಿಲ್ಲ.
ಅವಳು ಲೆಕ್ಕದಲ್ಲಿ ಚುರುಕು, ಹೇಳಬೇಕಾಗಿರಲಿಲ್ಲ.

ರಾತ್ರಿ ಶಟರು ಎಳೆದ ಮೇಲೆ
ಎರಡರ ಚಿತ್ರಗಳನ್ನು ನನಗೆ ತೋರಿಸಿದಳು.
ಎರಡರಲ್ಲೂ ಅದೇ ಕೆಂಪು ಮರ, ಅದೇ ಹುಲ್ಲು,
ಹುಲ್ಲಿನ ಮೇಲೆ ಅವೇ ನಾಲ್ಕು ಮಕ್ಕಳು ನಗುವುದು,
ಒಬ್ಬಳಿಗೆ ತಲೆಗೆ ಸ್ಕಾರ್ಫು.
ಚಿತ್ರದ ನಡುವನ್ನು ಎಲ್ಲರೂ ನೋಡುತ್ತಾರೆ,
ನನಗೆ ಸಂಬಳ ಅಂಚು ನೋಡಿದ್ದಕ್ಕೆ.
ಗುಡ್ಡದ ಚಿತ್ರದ ಎಡ ಅಂಚಿನಲ್ಲಿ
ಒಂದು ಅರ್ಧ ಕೈ: ಮಡಚಿದ ತೋಳು,
ಎಲೆ ಗುಡಿಸುವ ಕೋಲಿನ ತುದಿ.
ಕತ್ತರಿಸಲು ಮರೆತಿದ್ದಾರೆ, ಅಥವಾ ಮನಸ್ಸಾಗಿಲ್ಲ.

"ಇದು," ಎಂದೆ.
"ಯಾಕೆ?"
ಕೈ ತೋರಿಸಿದೆ. ಬಹಳ ಹೊತ್ತು ನೋಡಿದಳು.
"ಮುಂದಿನ ವರ್ಷ ಇದನ್ನೂ ಕತ್ತರಿಸ್ತಾರೆ ಬಾಪ."
ಮತ್ತೆ ಮೆಲ್ಲಗೆ:
"ಕೆರೆಯ ಕಾಲೇಜಿನ ಕಲ್ಲಿನ ಮೇಡಂಗೆ ಒಂದು ಪತ್ರ ಬರೆದಿದ್ದೆ,
ನಮ್ಮ ಜಬಲ್ ದುಖಾನಿನ ಬಗ್ಗೆ.
ನೂರ ಮೂವತ್ತನಾಲ್ಕು ಮೀಟರಿಗೆ ಗುಡ್ಡವೆನ್ನಬಹುದಾ ಅಂತ.
ಮೂರು ಪುಟ ಬರೆದಿದ್ದಾರೆ. ಕೊನೆಗೆ,
ಬರುವಾಗ ಒಂದು ಚೂರು ತಾ, ಅಂದಿದ್ದಾರೆ."

ಏಸಿಯ ನೀರು ಬಕೆಟಿಗೆ ಬೀಳುತ್ತಿತ್ತು.
ಇನ್ನೊಂದು ಮಾತು ನಮ್ಮಿಬ್ಬರಿಗೂ ಗೊತ್ತಿತ್ತು,
ಆರು ತಿಂಗಳು ಹೊರಗಿದ್ದರೆ ಇಲ್ಲಿನ ಕಾರ್ಡು ಸತ್ತುಹೋಗುತ್ತದೆ,
ಹುಟ್ಟಿದ ಊರಿಗೆ ಬರಲು ಅವಳು
ವಿಸಿಟ್ ವೀಸಾ ಕೇಳಬೇಕಾಗುತ್ತದೆ.
ಗುಡ್ಡಕ್ಕೆ ಹೋದರೂ ಅಷ್ಟೆ, ಕೆರೆಗೆ ಹೋದರೂ ಅಷ್ಟೆ.
ಮೂರನೆಯದು ಪಟ್ಟಿಯಲ್ಲಿರಲಿಲ್ಲ.

ಕೊನೆಯ ದಿನ, ಮಗ್ರಿಬ್ ಆದ ಮೇಲೆ,
ಅವಳು ಮುಂಗಡ ಕಟ್ಟಲು ಕೂತಳು. ಕೆರೆಗೆ.
ಕಾರ್ಡು ನನ್ನದು, ಒಟಿಪಿ ನನ್ನ ಫೋನಿಗೆ.
ಒಂದೊಂದೇ ಅಂಕಿ ಓದಿದೆ:
ನಾಲ್ಕು. ಸೊನ್ನೆ. ಏಳು. ಏಳು. ಎರಡು.

ಇನ್ನೊಂದಿತ್ತು.
ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು,
ಮೂವತ್ತೊಂದು, ಮೂವತ್ತು.
ಝುಲ್ಫಾ ತಲೆಯೆತ್ತಲಿಲ್ಲ,
ಬೆರಳು ಕೀಲಿಗಳ ಮೇಲೆ, ಕಾಯುತ್ತ.
ಅಡುಗೆಮನೆಯಲ್ಲಿ ಮೀನು ಎಣ್ಣೆಗೆ ಬಿದ್ದ ಸದ್ದು.

"ಕನ್ನಡಕ ಎಲ್ಲಿಟ್ಟೆನೋ," ಎಂದೆ.
ಮೂಗಿನ ಮೇಲೇ ಇತ್ತು.