ಬಿಟ್ಟ ಜಾಗಾ

ಕೆಂಪು ರುಮಾಲು ಬಿಚ್ಚಿದರ ಮೊದಲ ಬರೂದು ಸೀನು,
ಆಮ್ಯಾಲೆ ಕಲಾದಗಿ.
ಮೋಡಿ ಓದಾವ್ರು ನಾ ಕಂಡಂಗ ಬಾಗಲಕೋಟಿಯೊಳಗ ಮೂರೇ ಮಂದಿ.
ಒಬ್ಬರಿಗೆ ಕಣ್ಣು ಹೋಗ್ಯಾವು, ಒಬ್ಬರು ರೊಕ್ಕ ಭಾಳ ಕೇಳತಾರ,
ಹಿಂಗಾಗಿ ಪತ್ರ ನನಗ ಬಂತು.

ವಿಲಾಯತಿಯಿಂದ ಒಬ್ಬಾಕಿ ಬರದಾಳ:
ನಮ್ಮ ಮುತ್ತಜ್ಜನ ಅಜ್ಜ ನಿಮ್ಮ ಕಡೆ ಸತ್ತ,
ಸಾರ್ಜಂಟ್ ಹ್ಯಾಲೆಟ್, ತೋಪಖಾನೆ.
ಮದುವಿ ಆಗಿತ್ತೇನು? ಆಕಿ ಯಾರು?
ಜೋಡಿ ಒಂದು ತಖ್ತೆ, ಗೆರಿ ಹೊಡದು:
ಹೆಸರು, ಹುಟ್ಟು, ಸಾವು, ಸಂಬಂಧ, ಆಧಾರ.

ಅವನ ಮೃತ್ಯುಪತ್ರ ಇಂಗ್ಲಿಷಿನ್ಯಾಗ, ಸಾವಿರದ ಎಂಟುನೂರ ಐವತ್ತೊಂದು.
ವಾಂತಿಬೇದಿ ಹತ್ತಿ ಮೂರನೇ ದಿನಾ ಬರಸಿದ್ದು,
ಸಹಿ ಕಾಗದದ ಅಂಚಿಗೆ ಜಾರೈತಿ.
ಕುದರಿ, ಜೀನು, ಎರಡು ಬಂದೂಕು ಲಿಲಾವಿಗೆ.
ಬಂದ ರೊಕ್ಕ ಅವರ ಊರಾಗಿನ ತಂಗಿಗೆ.
'ನನ್ನ ಮನೆಯಲ್ಲಿ ಹನ್ನೊಂದು ವರ್ಷ ನಿಷ್ಠೆಯಿಂದ ದುಡಿದ
ಲುಗ್ಗೊಮಾ ಎಂಬ ಹೆಂಗಸಿಗೆ ಮುನ್ನೂರು ರೂಪಾಯಿ.
ನನ್ನ ಆಶ್ರಯದಲ್ಲಿರುವ ಥಾಮಸ್ ಎಂಬ ಹುಡುಗನಿಗೆ ನನ್ನ ಗಡಿಯಾರ.'
ಆಶ್ರಯ!
ಎಷ್ಟು ಜ್ವಾಕಿಲೆ ನಡದಾನ ನೋಡ್ರಿ,
ಈಗಷ್ಟ ಸಾರಿಸಿದ ಪಡಸಾಲ್ಯಾಗ ಬೂಟು ಹಾಕ್ಕೊಂಡು ದಾಟಿದಂಗ.

ಲುಗ್ಗೊಮಾ, ಲುಗ್ಗೊಮಾ ಅಂತ
ಎರಡು ದಿನಾ ಬಾಯಾಗ ಹೊರಳಿಸಿದೆ, ಬೆಲ್ಲದ ಹಳಕಿನಂಗ.
ಮೂರನೇ ದಿನಾ ಚಾ ಕುಡಿಯೂ ಮುಂದ ಕರಗಿತು:
ಲಗಮವ್ವ.

ಇನ್ನ ಹುಡುಕೂದು ಸಸಾರ ಅನಕೊಂಡೆ.
ಕಲಾದಗಿ ತುಂಬ ಲಗಮವ್ವಗೋಳು!
ಒಬ್ಬಾಕಿ ಎಮ್ಮಿ ಬಿಟ್ಟು ಸತ್ತಾಳ, ಒಬ್ಬಾಕಿ ಬರೇ ಸಾಲ.
ಹದಿನೇಳನೇ ಗಂಟಿನ್ಯಾಗ ಸಿಕ್ಕಳು, ಅರವತ್ತೆಂಟನೇ ಇಸವಿ,
ಮಾತು ಕನ್ನಡ, ಅಕ್ಷರ ಮೋಡಿ, ಹುಳ ತಿಂದು ಉಳದಷ್ಟು.

'ಸೋಲಾಪುರದಾಗ ರೈಲಿನ ಕೆಲಸಕ್ಕಿರುವ ನನ್ನ ಮಗ ತಮ್ಮಣ್ಣಗ'
ಅಂತ ಶುರು.
ಥಾಮಸ್. ತಮ್ಮಣ್ಣ.
ಕುರ್ಚಿ ಹಿಂದ ಸರಿಸಿ ಒಂದಿಷ್ಟು ಹೊತ್ತು ಸುಮ್ಮನ ಕುಂತೆ.
ದಾಳಿಂಬ್ರ ತೋಟದಾಗ ಎರಡು ಸಾಲು ಗಿಡ,
ಬಾವ್ಯಾಗ ಮಂಗಳವಾರದ ನೀರಿನ ಪಾಳಿ,
ತಾಮ್ರದ ಕೊಳಗ, ಕಲಾಯಿ ಮಾಡಸೂದೈತಿ.
'ನಿನ್ನ ಗಡಿಯಾರ ನನ್ನ ಪೆಟಿಗ್ಯಾಗ ಐತಿ, ನಡಿಯೂದಿಲ್ಲ.
ಗೋರಾ ಮಂದೀನ ಹೂಳೂ ಕಡೆ, ಬೇವಿನ ಗಿಡದಿಂದ ಎರಡನೇ ಕಲ್ಲು,
ವರ್ಷಕ್ಕೊಮ್ಮೆ ಕಸಾ ಕೀಳಾವಗ ಎಂಟಾಣೆ, ನಾಕು ದಾಳಿಂಬ್ರ ಕೊಡೂದು.
ಅಲ್ಲಿ ಮಲಗ್ಯಾರ ನಮ್ಮ'

ಅಷ್ಟಕ್ಕ ಸಾಲು ನಿಂತತಿ.
ಮುಂದ ಮೂರು ಬಟ್ಟಿನಷ್ಟು ಬರೇ ಕಾಗದ.
ಕೆಳಗ ಸಹಿ ಬದಲಿ ಒಂದು ದುಂಡು ಗೆರಿ, ಬಳಿ ಗುರುತು.
ಬಾಜೂಕ ಕಾರಕೂನನ ಷರಾ:
'ಹೆಸರು ಮೂರು ಬಾರಿ ಕೇಳಲಾಯಿತು. ಹೇಳಲಿಲ್ಲ.
ಸೆರಗು ಬಾಯಿಗೆ ಹಿಡಿದಳು.'

ನಮ್ಮವ್ವ ರೇಶನ್ ಕಚೇರ್ಯಾಗ
ಯಜಮಾನರ ಹೆಸರು ಅಂದಕೂಡಲೆ
ಮೊಣಕೈಲೆ ನನ್ನ ಪಕ್ಕಿಗೆ ತಿವೀತಿದ್ದಳು.
ನಾ ಹೇಳಬೇಕು: ಮಲ್ಲೇಶಪ್ಪ.
ಅಪ್ಪ ಹೋಗಿ ಇಪ್ಪತ್ತು ವರ್ಷಾದರೂ ತಿವೀತಿದ್ದಳು,
ಮಲ್ಲಿಗಿಗೂ ಬಿಳಿ ಹೂವು ಅಂತಿದ್ದಳು ಕಡೀತನಕ.
ಲಗಮವ್ವಗ ತಿವಿಯಾಕ ಬಾಜೂಕ ಮಗ ಇರಲಿಲ್ಲ.
ದುಡಿದ ಹೆಂಗಸು ಆಗಿದ್ದರ
ಸಾಹೇಬನ ಹೆಸರು ಕಚೇರಿಗೆಲ್ಲ ಕೇಳೂವಂಗ ಹೇಳತಿದ್ದಳು.
ಧಣಿ ಹೆಸರಿಗೆ ಆಳಿಂದೇನು ಅಡ್ಡಿ?

ತಖ್ತೆ ತುಂಬಿದೆ.
ಸಂಬಂಧ: ಹೆಂಡತಿ.
ಆಧಾರ: ಹೆಸರು ಹೇಳಲಿಲ್ಲ.
ವಿಲಾಯತಿಯಾಕಿಗೆ ತಿಳೀತದೋ ಇಲ್ಲೋ, ಮತ್ತ ಪತ್ರ ಬಂದರ ನೋಡೂಣು.

ರವಿವಾರ ಕಲಾದಗಿಗೆ ಹೋಗಿದ್ದೆ.
ಬೇವಿನ ಗಿಡ ಇಲ್ಲ. ಎರಡನೇದು ಎಲ್ಲಿಂದ ಎಣಿಸೂದು?
ಎಲ್ಲಾ ಕಲ್ಲಿನ ಸುತ್ತಲೂ ಕಸಾ ಕಿತ್ತೆ,
ಬರೂ ಮುಂದ ಬಸ್‌ಸ್ಟ್ಯಾಂಡಿನ್ಯಾಗ ನಾಕು ದಾಳಿಂಬ್ರ ತಗೊಂಡೆ,
ನನ್ನ ರೊಕ್ಕದಾಗ.
ಎಂಟಾಣೆ ಇನ್ನೂ ಬರೂದೈತಿ.