ಖಣದ ಮಡಿಕಿ

ನವನಗರದ ಇನ್‌ಕಮ್ ಟ್ಯಾಕ್ಸ್ ಆಫೀಸಿನ್ಯಾಗ
ಫ್ಯಾನಿನ ಗಾಳಿ ಸಾಹೇಬರ ಕಡೆ ಅಷ್ಟ ಬೀಸತಿತ್ತು.
"ತಮ್ಮಗ ಪ್ಲಾಟ್ ತಗೊಳ್ಳಾಕ ಹನ್ನೊಂದು ಲಕ್ಷ
ನೀವ ಕೊಟ್ಟದ್ದು ಖರೇನ?"
ಖರೇರಿ.
"ಎಲ್ಲೀ ರೊಕ್ಕ?"
ಮುಳುಗಿದ ಮನೀದು, ಅಂದೆ.
ಟೈಪ್ ಮಾಡಾಕಿ ಬೆರಳು ಎತ್ತಿ ನನ್ನ ಮಾರಿ ನೋಡಿದ್ಲು.

ಹಳೇ ಬಾಗಲಕೋಟ್ಯಾಗ ಹಿನ್ನೀರಿಗೆ ಹೋದ ಮನಿಯ ಪರಿಹಾರ,
ಬ್ಯಾಂಕಿನಿಂದ ತಗದು ತಂದಿದ್ದೆ.
ನಾಕು ವರ್ಷ ಎಲ್ಲಿಟ್ಟಿದ್ರಿ, ಅಂದ್ರು.
ಗುಳೇದಗುಡ್ಡದ ಖಣದಾಗ.
ಒಂದೊಂದು ಖಣದಾಗ ಐವತ್ತು ಸಾವಿರ ಮಡಚಿ
ಇಪ್ಪತ್ತೆರಡು ಖಣ, ಅಂಗಡೀ ಮ್ಯಾಲಿನ ಅರಿ.
ಬಡ್ಡಿ?
ಬೆನ್ನಿಗೆ ಬಿದ್ದ ತಮ್ಮಗ ಯಾರರೆ ಬಡ್ಡಿ ಹಚ್ಚತಾರೇನ್ರಿ?
ಅದನ್ನೂ ಬರಕೊಂಡ್ರು.
ಚಾ ತರಿಸಿದ್ರು. ಕೆಟ್ಟ ಮನಶ್ಯಾ ಅಲ್ಲ.

ಆಮ್ಯಾಲ ಬಾಂಡ್ ಪೇಪರ್ ತಿರುವಿ ಹಾಕಿದ್ರು.
ಮುಂದಿನ ಮಗ್ಗಲಕ ಯುಗಾದಿ ಪಾಡ್ಯದ ತಾರೀಖು.
ಬೆನ್ನ ಮ್ಯಾಲ ಛಾಪಾ ಮಾರಾವನ ಸಿಕ್ಕಾ:
ಅದರ ಮರುವರ್ಷದ ಸೀಗಿ ಹುಣ್ಣಿವಿ.
ಕಾಗದ ಹುಟ್ಟೂಕಿಂತ ಮದಲ
ಅದರ ಮ್ಯಾಲ ನಾ ಸಹಿ ಮಾಡಿದ್ದೆ.

ಮುರಿಗೆಪ್ಪನ ಆಡಿಟರ್ ಹೇಳಿದ್ದ, ಬರೇ ರೂಢೀದು ಅಕ್ಕಾರ,
ಎಲ್ಲಾರೂ ಮಾಡತಾರ.
ರೊಕ್ಕ ಖರೇ, ಸಹಿ ಖರೇ,
ಎಣಿಸುವಾಗ ಉಗುಳು ಹಚ್ಚಿದ ಹೆಬ್ಬೆರಳು ಖರೇ.
ತಾರೀಖು ಒಂದ ನಂದಲ್ಲ.
ಆ ಒಂದಕ್ಕ ಉಳಿದದ್ದೆಲ್ಲಾ ಹೋತು.

ಆದೇಶ ಇಂಗ್ಲಿಷಿನ್ಯಾಗ ಬಂತು. ಆಡಿಟರನ ಓದಿ ಹೇಳಿದ:
ಸಾಲ ಕೊಟ್ಟದ್ದು ನಂಬುವಂಥದ್ದಲ್ಲ,
ಸಾಕ್ಷಿ ಹೇಳಿದಾಕಿ ನಂಬುವಂಥಾಕಿ ಅಲ್ಲ.
ತಮ್ಮ ತೆರಿಗಿ ಕಟ್ಟಿದ, ದಂಡಾ ಕಟ್ಟಿದ,
ಎರಡು ವರ್ಷಕ್ಕ ಪ್ಲಾಟ್ ಮಾರಿದ, ಮೂರು ಪಟ್ಟು.

ಈಗರೆ ಕೊಡೋ, ಅಂತ ಹೋದೆ.
ಬೀರುವಿನಿಂದ ಫೈಲ್ ತಂದ. ನನ್ನ ಕಡೆ ನೋಡಲಿಲ್ಲ.
"ಅಕ್ಕಾ, ನೀ ಕೊಟ್ಟ ಇಲ್ಲಂತ
ಸರ್ಕಾರನ ಬರದೈತಿ."
ಅವನ ಹೆಂಡತಿ ಒಳಗ ಒಗ್ಗರಣಿ ಹಾಕತಿದ್ಲು,
ಸಾಸಿವಿ ಸಿಡಿಯೂದು ನಿಲ್ಲೂತನಕ ಯಾರೂ ಮಾತಾಡಲಿಲ್ಲ.
ಉಂಡು ಹೋಗ್ರಿ, ಅಂದ್ಲು. ಉಂಡೆ.

ಆ ಇಪ್ಪತ್ತೆರಡು ಖಣ ಇನ್ನೂ ಅಂಗಡ್ಯಾಗ ಅದಾವು.
ಬಿಚ್ಚಿದ್ರ ನಟ್ಟನಡುವ ಮಡಿಕಿ ಗೆರಿ,
ನೋಟಿನಷ್ಟ ಉದ್ದ, ನೋಟಿನಷ್ಟ ಅಗಲ.
ಇಸ್ತ್ರಿ ಹಾಕ್ರಿ, ಹೋಗತೈತಿ, ಅಂತಾರ ಗಿರಾಕಿ.
ಹೌದ್ರಿ, ಅಂತೀನಿ.
ಹಾಕೂದಿಲ್ಲ.