ನೀಲಿಯ ಜಾಡು

ಮಧ್ಯಾಹ್ನ ಎರಡಕ್ಕೆ ಫೋನು. ನಾಯಿ ಅಡ್ಡಾಡಿಸುವವರು ಯಾರೋ:
ಪಾರ್ಕಿನ ಕೊಳಕ್ಕೆ ನೀಲಿ ಇಳಿಯುತ್ತಿದೆ, ಬೇಗ ಬನ್ನಿ.

ಈ ಜುಲೈನಲ್ಲಿ ಆಕ್ಲೆಂಡಿನ ಆಕಾಶಕ್ಕೇ ನೀಲಿಯಿಲ್ಲ,
ಕೊಳಕ್ಕೆ ಎಲ್ಲಿಂದ ಬಂತು ಎಂದು ನಗುತ್ತ
ತವೀತಾ ವ್ಯಾನು ತಿರುಗಿಸಿದ.

ಮಳೆನೀರಿನ ಕೆಲಸ ನಮ್ಮದು. ಬೀದಿಗಳು ಉಗಿದದ್ದನ್ನು
ಪೈಪಿನ ಬಾಯಲ್ಲೊಂದು ಕಬ್ಬಿಣದ ಬುಟ್ಟಿ ಹಿಡಿಯುತ್ತದೆ:
ಚಿಪ್ಸ್ ಪೊಟ್ಟಣ, ಟೆನಿಸ್ ಚೆಂಡು, ಒಮ್ಮೆ ಯಾರದೋ ಹಲ್ಲುಸೆಟ್ಟು.
ಬುಟ್ಟಿ ದಾಟಿದ್ದನ್ನು ಜೊಂಡು ಸೋಸುತ್ತದೆ,
ಜೊಂಡು ದಾಟಿದ್ದನ್ನು ಮರಳು.
ಬಣ್ಣ ಹಿಡಿಯುವ ಬುಟ್ಟಿ ಇನ್ನೂ ಯಾರೂ ಹೆಣೆದಿಲ್ಲ.

ಜೊಂಡಿನ ಬುಡದಲ್ಲಿ ಹಾವುಮೀನು ತಲೆ ಎತ್ತಿತ್ತು.
ಮುದುಕಿ, ನನ್ನ ತೋಳಿನಷ್ಟು ದಪ್ಪ.
ತವೀತಾ ಬಗ್ಗಿ ಅವಳಿಗೆ ಸಮೋವನ್ನಿನಲ್ಲಿ ಏನೋ ಹೇಳಿದ.
ಕ್ಷಮೆ ಇರಬೇಕು. ನನಗೆ ಆ ಭಾಷೆ ಬಾರದು.

ಬಾಟಲಿ ತುಂಬಿ ಚೀಟಿ ಅಂಟಿಸಿದೆ: ದಿನ, ಗಂಟೆ, ನನ್ನ ಸಹಿ.
ಆಮೇಲೆ ನೀರಿಗೆ ಎದುರಾಗಿ ನಡೆದೆವು,
ಒಂದೊಂದೇ ಮುಚ್ಚಳ ಎತ್ತಿ, ಇಣುಕಿ.
ಗ್ಯಾರೇಜಿನ ಮುಂದೆ ನೀಲಿ.
ಲಾಂಡ್ರಿ ದಾಟಿದ ಮೇಲೂ ನೀಲಿ.
ಬೇಕರಿ ಮೂಲೆಯಲ್ಲಿ ಕವಲು. ಎಡಕ್ಕೆ ತಿಳಿ, ಬಲಕ್ಕೆ ನೀಲಿ.
ದಂಡದ ಪುಸ್ತಕ ಜೇಬಿನಲ್ಲಿ ಬಿಸಿಯಾಗುತ್ತಿತ್ತು.
ಯಾವನೋ ಪೇಂಟರನ ಗ್ರಹಚಾರ ಬಿಡಿಸಿಯೇ ಮನೆಗೆ ಹೋಗುವುದು
ಎಂದುಕೊಂಡೆ.

ಕೊನೆಯ ಮುಚ್ಚಳ ಶಾಲೆಯ ಗೇಟಿನೆದುರು.
ಹನ್ನೊಂದು ಮಕ್ಕಳು ರಸ್ತೆಯಂಚಿಗೆ ಮಂಡಿಯೂರಿ
ಚರಂಡಿಯ ಬಾಯ ಪಕ್ಕ ಮೀನು ಬರೆದಿದ್ದರು,
ನೀಲಿ, ಇನ್ನೂ ಹಸಿ.
ಅದರ ಕೆಳಗೆ: ಇಲ್ಲಿಂದ ನೀರು ನೇರ ತೊರೆಗೆ.
ಒಂದಕ್ಷರ ತಪ್ಪಿಲ್ಲ.
ಮಿಸ್ ಕಾರ್ಕೆರಿ ಬ್ರಷ್ಷು ತೊಳೆದ ಬಕೆಟ್ಟನ್ನು
ಅದೇ ಬಾಯಿಗೆ ಬಗ್ಗಿಸುತ್ತ, ನಮ್ಮ ಅಂಗಿಯ ಮೇಲಿನ ಹೆಸರು ಓದಿ
ಖುಷಿಯಿಂದ ಕೈಬೀಸಿದರು.

ನಾನು ಬಾಯಿ ತೆರೆಯಲಿಲ್ಲ. ತೆರೆದದ್ದು
ಗುಂಗುರು ಕೂದಲಿನ ಒಬ್ಬಳು. ಮೀನು ನೋಡಿದಳು, ಬಕೆಟ್ಟು,
ನನ್ನ ಕೈಯ ಬಾಟಲಿ.
"ಮಿಸ್, ನೇರ ಅಂದರೆ
ಈಗಲೇನಾ?"

ಉಳಿದೆರಡು ಬಕೆಟ್ಟು ಮಕ್ಕಳೇ ಹೊತ್ತರು,
ತುಳುಕದ ಹಾಗೆ, ತರಗತಿಯ ಸಿಂಕಿನವರೆಗೆ.
ದಂಡದ ಪುಸ್ತಕ ಜೇಬಲ್ಲೇ ತಣ್ಣಗಾಯಿತು.

ಕತ್ತಲಾಗುವ ತನಕ ಪಂಪು ಹಚ್ಚಿ
ಕೊಳದಿಂದ ಟ್ಯಾಂಕರಿಗೆ ನೀಲಿ ಎಳೆದೆವು,
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.
ಮುದುಕಿ ಮತ್ತೆ ಕಾಣಲಿಲ್ಲ. ಒಳ್ಳೆಯದಕ್ಕೋ ಏನೋ.

ವ್ಯಾನಿನ ದೀಪದಲ್ಲಿ ವರದಿ ತುಂಬಿದೆವು.
'ಮಾಲಿನ್ಯದ ಕಾರಣ' ಎಂಬಲ್ಲಿ ತವೀತಾ ಪೆನ್ನು ಕಚ್ಚಿ
ಬಹಳ ಹೊತ್ತು ಕೂತ. ಆಮೇಲೆ ಬರೆದ:
ಮೀನು.